ಎರಡನೇ ಬರ್ತೀನಿ

ಖಾಲಿ ಚರ್ಚಿನ ಗೋಡೆ ತನ್ನನ್ನು ಮಾತಾಡಿಸಿದಾಗ ಅವಳು ಕೈಯಲ್ಲಿದ್ದ ಮೇಣದಬತ್ತಿಯನ್ನು ಬೀಳಿಸಲಿಲ್ಲ. ಅಷ್ಟರಮಟ್ಟಿಗೆ ಗಟ್ಟಿ ಹೆಂಗಸು.

“ಬಂದ್ರಾ? ಸ್ವಲ್ಪ ಈ ಕಡೆ ಬನ್ನಿ,” ಎಂದಿತು ಗೋಡೆ.

ಅವಳು ಸುತ್ತ ನೋಡಿದಳು. ಬೆಂಚುಗಳ ಸಾಲು, ಉಪ್ಪುಗಾಳಿಗೆ ಚಕ್ಕೆ ಎದ್ದ ಸುಣ್ಣ, ಎತ್ತರದ ಕಿಟಕಿಯಿಂದ ಓರೆಯಾಗಿ ಇಳಿದ ಬಿಸಿಲು. ಒಂದು ನರಪಿಳ್ಳೆಯೂ ಇರಲಿಲ್ಲ.

“ನಾನು ಇದನ್ನೆಲ್ಲ ನಂಬೋದಿಲ್ಲ,” ಎಂದಳು ಗೋಡೆಗೆ, ಆದಷ್ಟೂ ಮರ್ಯಾದೆಯಿಂದ. “ನಮ್ಮತ್ತೆ ಪರವಾಗಿ ಬಂದಿದ್ದೀನಿ, ಅಷ್ಟೆ.”

ಗೋಡೆ ಕ್ಷಣಕಾಲ ಯೋಚಿಸಿತು. “ನಂಬಬೇಡಿ. ಆ ಕಪ್ಪು ಕೀ ಒತ್ತಿ ಹಿಡ್ಕೊಳ್ಳಿ, ಸಾಕು.”

ಆಗ ಕಂಡಿತು. ಗೋಡೆಗೆ ಒರಗಿ ನಿಂತ, ದೊಡ್ಡ ಬೀರುವಿನಂಥ ಹಳೆಯ ಆರ್ಗನ್. ಅದರ ಪಕ್ಕದ ಕಿರುಬಾಗಿಲಿನಿಂದ ಎರಡು ಬೂಟುಕಾಲು ಹೊರಗೆ ಚಾಚಿದ್ದವು. ಒಳಗಿದ್ದವನು ಆರ್ಗನ್ ರಿಪೇರಿಯವನು. ಒಳಗೆ ಕೊಳವೆಗಳ ನಡುವೆ ಬಾಗಿ ಕೂತು ಅವನು ಒಂದೊಂದೇ ಸ್ವರವನ್ನು ಸರಿಮಾಡಬೇಕು, ಹೊರಗೆ ಯಾರಾದರೂ ಕೀ ಒತ್ತಿ ಹಿಡಿದಿರಬೇಕು. ಹಾಗೆ ಒತ್ತಲು ಒಪ್ಪಿದ್ದ ಚರ್ಚಿನ ಉಸ್ತುವಾರಿ ಅಜ್ಜಿ “ಈಗ ಬಂದೆ” ಎಂದು ಹೋದವಳು, ಟೀ ಕುಡಿದು ಪಕ್ಕದ ಮನೆಯ ಸಮಾಚಾರಕ್ಕೆ ಕೂತುಬಿಟ್ಟಿದ್ದಳು.

ಪ್ರೇಮ ಹುಟ್ಟುವುದಕ್ಕೆ ಇದಕ್ಕಿಂತ ಅನುಕೂಲವಾದ ಜಾಗಗಳಿವೆ. ಮುಖ ಕಾಣುವ ಜಾಗಗಳು. ಆದರೂ ಅವಳು ಚೀಲ ಇಳಿಸಿ, ಸ್ಟೂಲಿನ ಮೇಲೆ ಕೂತು, ಹೇಳಿದ ಕೀ ಒತ್ತಿದಳು.

ಎರಡು ಸ್ವರ ಹೊಂದದೆ ಇದ್ದಾಗ ನಡುವೆ ಒಂದು ನಡುಕ ಕೇಳುತ್ತಿತ್ತು. ಒಳಗಿನಿಂದ ಅವನು ಟಿಕ್ ಟಿಕ್ ಎಂದು ಏನನ್ನೋ ತಟ್ಟಿದ ಹಾಗೆಲ್ಲ ಆ ನಡುಕ ನಿಧಾನವಾಗಿ, ಕೊನೆಗೆ ನಿಂತುಹೋಗುತ್ತಿತ್ತು. “ಮುಂದಿನದು,” ಎನ್ನುತ್ತಿದ್ದ. ಅವಳು ಬೆರಳು ಸರಿಸುತ್ತಿದ್ದಳು. ಹೀಗೇ ಹೊತ್ತು ಹೋಯಿತು. ಒಮ್ಮೆ ನಡುಕ ನಿಂತ ಗಳಿಗೆಯಲ್ಲಿ ಅವಳೇ “ಹಾಂ, ಈಗ!” ಎಂದುಬಿಟ್ಟಳು.

ಒಳಗಿನ ಟಿಕ್ ಟಿಕ್ ನಿಂತಿತು.

“ಕಿವಿ ಇದೆ ನಿಮಗೆ,” ಎಂದ.

“ಎರಡಿವೆ.”

ಅವನ ನಗು ಕೊಳವೆಗಳ ನಡುವೆ ಸಿಕ್ಕಿಕೊಂಡು ವಿಚಿತ್ರವಾಗಿ ಕೇಳಿಸಿತು. ಆಮೇಲೆ ಅವನು ಹೊರಗೆ ಬಂದ. ಮೊದಲು ಬೂಟು, ಆಮೇಲೆ ಮಂಡಿ, ಕೊನೆಗೆ ಜೇಡರಬಲೆ ಹಿಡಿದ ತಲೆ. ಎದ್ದು ನಿಂತು, ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಇನ್ನೊಬ್ಬಳಾಗಿದ್ದರೆ ಆ ನೋಟಕ್ಕೆ ಬೇರೆಯೇ ಅರ್ಥ ಹಚ್ಚುತ್ತಿದ್ದಳು. ಇವಳು ಕನ್ನಡಕದಂಗಡಿಯವಳು. ‘ದೂರದ್ದು ಕಾಣಿಸೊಲ್ಲ ಈ ಮನುಷ್ಯನಿಗೆ’ ಎಂದುಕೊಂಡಳು.

ಅವಳನ್ನು ಸಾಕಿದವಳು ಸೋದರತ್ತೆ. ಅತ್ತೆಗೆ ಬಲಮಂಡಿ ನೋವಿತ್ತು. ವಾಸಿಯಾದರೆ ಕಡಲ ದಂಡೆಯ ಹಳ್ಳಿಗಳ ಹಳೇ ಚರ್ಚುಗಳನ್ನೆಲ್ಲ ಒಂದೂ ಬಿಡದೆ ನಡೆದೇ ನೋಡುತ್ತೇನೆಂದು ಹರಕೆ ಹೊತ್ತಿದ್ದಳು. ಬಲಮಂಡಿ ವಾಸಿಯೂ ಆಯಿತು. ಹರಕೆ ತೀರಿಸುವ ಹೊತ್ತಿಗೆ ಎಡಗಾಲು ಕೈಕೊಟ್ಟಿತು. ಹೀಗಾಗಿ ನಂಬಿಕೆ ಅತ್ತೆಯದು, ನಡಿಗೆ ಸೊಸೆಯದು ಎಂದು ಪಾಲಾಯಿತು. ಕರಾರುಗಳನ್ನು ಅತ್ತೆ ಕುರ್ಚಿಯಲ್ಲಿ ಕೂತೇ ಹಾಕಿದಳು. ವಾಹನ ಹತ್ತಕೂಡದು. ದಾರಿ ಬಿಟ್ಟು ಪಕ್ಕಕ್ಕೆ ಹೋಗಕೂಡದು. ಪ್ರತಿ ಚರ್ಚಿನಲ್ಲೂ ತನ್ನ ಹೆಸರು ಹೇಳಿ ಮೇಣದಬತ್ತಿ ಹಚ್ಚಬೇಕು, ಗೊಣಗುತ್ತಾ ಹಚ್ಚಬಾರದು.

ರಿಪೇರಿಯವನಿಗೆ ಹರಕೆಯಿರಲಿಲ್ಲ. ಆ ದಾರಿಯ ಚರ್ಚುಗಳ ಆರ್ಗನ್ನುಗಳೆಲ್ಲ ಅವನ ಕೈಕೆಳಗಿದ್ದವು. ರಸ್ತೆ ಬೆಟ್ಟ ಸುತ್ತಿಕೊಂಡು ಹೋಗುತ್ತದೆ, ಕಾಲುದಾರಿ ಹತ್ತಿರ ಎಂದು ಹತ್ಯಾರದ ಚೀಲ ಹೆಗಲಿಗೆ ಹಾಕಿ ನಡೆಯುತ್ತಿದ್ದ. ಇಬ್ಬರ ದಾರಿಯೂ ಒಂದೇ ಎಂದು ತಿಳಿದಾಗ ಇಬ್ಬರೂ “ಓ, ಹೌದಾ” ಎಂದರು. ಅವಳು ಸ್ವಲ್ಪ ನಿರಾಸಕ್ತಿಯಿಂದ ಅಂದಳು. ಅಭ್ಯಾಸವಿತ್ತು.

ಹೊರಡುವ ಮೊದಲು ಅವನು ಆರ್ಗನ್ನಿನ ಮೈ ತಟ್ಟಿ “ಬರ್ತೀನಿ” ಎಂದ. ಅಷ್ಟರಲ್ಲಿ ಹಿಂತಿರುಗಿದ್ದ ಅಜ್ಜಿಗೆ “ಬರ್ತೀನಿ ಅಜ್ಜಿ” ಎಂದ. ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗೂ “ಬರ್ತೀನಪ್ಪಾ” ಎಂದ. ನಾಯಿ ಒಂದು ಕಿವಿ ಎತ್ತಿ, ಸಾಕೆನಿಸಿ, ಇಳಿಸಿತು.

“ಹೋಗ್ತೀನಿ ಅಜ್ಜಿ,” ಎಂದಳು ಅವಳು.

ಅಜ್ಜಿಯ ಮುಖ ಚಿಕ್ಕದಾಯಿತು. “ಹೋಗ್ತೀನಿ ಅನ್ನಬಾರ್ದು ಮಗಳೇ. ಬರ್ತೀನಿ ಅನ್ನು.”

“ಬರೋದಿದ್ರೆ ಅಂತಿದ್ದೆ.”

ಅವನು ತಿರುಗಿ ನೋಡಿದ.

ದಾರಿ ಕಡಲನ್ನು ಬಿಟ್ಟೂ ಬಿಡದ ಹಾಗೆ ಸಾಗುತ್ತಿತ್ತು. ಒಮ್ಮೆ ಬಂಡೆಯ ಮೇಲೆ, ಒಮ್ಮೆ ಮರಳಿನಲ್ಲಿ, ಒಮ್ಮೆ ಯಾರದೋ ಹಿತ್ತಲಿನ ಬೇಲಿ ಪಕ್ಕದಲ್ಲಿ, ಒಣಹಾಕಿದ ಬಟ್ಟೆಯ ಕೆಳಗೆ. ಯಾತ್ರಿಕರಿಗೆ ಗೊತ್ತಾಗಲೆಂದು ಅಲ್ಲಲ್ಲಿ ಕಲ್ಲಿನ ಮೇಲೆ ನೀಲಿ ಬಾಣ ಬರೆದಿದ್ದರು. ಅವನು ಒಂದು ಬಾಣವನ್ನೂ ನೋಡದೆ ಸರಿಯಾಗಿ ತಿರುಗುತ್ತಿದ್ದ.

“ಬಾಣ ಕಾಣುತ್ತಾ ನಿಮಗೆ?” ಎಂದು ಕೇಳಿದಳು.

“ಯಾವ ಬಾಣ?”

ಅವಳು ನಿಂತಳು. ಚೀಲದ ಜೇಬಿನಿಂದ ಅಂಗಡಿಯ ಒಂದು ಉಪಕರಣ ತೆಗೆದಳು. ಪುಟ್ಟ ಹಿಡಿಕೆಗೆ ಸಿಕ್ಕಿಸಿದ, ಮಗುಚಿದರೆ ನೋಟ ಬದಲಾಗುವ ಗಾಜು ಅದು. ಹೊರಡುವ ದಿನ ಏಪ್ರನ್ನಿನಿಂದ ತೆಗೆದಿಡಲು ಮರೆತು ಚೀಲ ಸೇರಿತ್ತು. ತನ್ನದೇ ಕನ್ನಡಕ ತೆಗೆದು ಅವನ ಮೂಗಿನ ಮೇಲೆ ಕೂರಿಸಿ, ಅದರ ಮುಂದೆ ಗಾಜು ಹಿಡಿದಳು. ಹಾಗೆ ಹಿಡಿಯಬೇಕಾದರೆ ಹತ್ತಿರ ನಿಲ್ಲಬೇಕು. ದಿನವಿಡೀ ಜನರ ಮುಖಕ್ಕೆ ಹತ್ತಿರ ನಿಲ್ಲುವುದೇ ಅವಳ ಕಸುಬು. ಅಂಗಡಿಯಲ್ಲಿ ಯಾರ ಉಸಿರೂ ಅವಳ ಮಣಿಕಟ್ಟಿಗೆ ತಾಗಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಇಲ್ಲಿ ಗೊತ್ತಾಯಿತು.

“ನೋಡಿ ಹೇಳಿ. ಮೊದಲನೇದಾ?” ಎಂದು ಗಾಜನ್ನು ಮಗುಚಿದಳು. “ಎರಡನೇದಾ?”

“ಇನ್ನೊಂದ್ಸಲ.”

“ಮೊದಲನೇದಾ... ಎರಡನೇದಾ?”

“ಎರಡರಲ್ಲೂ ಚೆನ್ನಾಗಿದ್ದೀರಿ.”

“ನನ್ನನ್ನಲ್ಲ. ಬಾಣ ನೋಡಿ.”

“ಓ,” ಎಂದ ಅವನು, ಮತ್ತು ಕಿವಿಯವರೆಗೆ ಕೆಂಪಾದ. ಅವಳು ತನ್ನ ಕನ್ನಡಕ ವಾಪಸು ತೆಗೆದುಕೊಂಡು ಗಾಜನ್ನು ಒಳಗಿಟ್ಟಳು. ಅದಾದ ಮೇಲೆ ಬಹಳ ದೂರ ಇಬ್ಬರೂ ಕಡಲಿನ ಬಗ್ಗೆ ಮಾತಾಡಿದರು. ಕಡಲಿನ ಬಗ್ಗೆ ಹೇಳುವುದು ಅಷ್ಟೇನೂ ಇರಲಿಲ್ಲ.

ಮುಂದಿನ ಚರ್ಚಿನಲ್ಲಿ ಅವನು ಕರೆಯದೆಯೇ ಅವಳು ಸ್ಟೂಲಿನ ಮೇಲೆ ಕೂತಳು. ಅದರ ಮುಂದಿನದರಲ್ಲಿ, ಒಳಗಿನಿಂದ “ಮುಂದಿನದು” ಎಂದು ಅವನು ಹೇಳುವ ಮೊದಲೇ ಬೆರಳು ಸರಿಸುತ್ತಿದ್ದಳು. ಕೆಲಸ ಮುಗಿದರೂ ಅವನು ಒಳಗೇ ಕೂತು ಒಂದೆರಡು ಕೊಳವೆಗಳನ್ನು ಸುಮ್ಮನೆ ತಟ್ಟುತ್ತಿದ್ದ. ಅವಳಿಗದು ತಿಳಿಯುತ್ತಿತ್ತು. ತಿಳಿದೂ ಕೀ ಒತ್ತುತ್ತಿದ್ದಳು.

ಸುಳ್ಳೇಕೆ, ಅವಳಿಗೆ ಖುಷಿಯಾಗಿತ್ತು. ಖುಷಿಯಾದದ್ದು ಅವಳಿಗೆ ಹಿಡಿಸಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಒಂದು ದೋಣಿಯ ನೆರಳಲ್ಲಿ ಕೂತಿದ್ದಾಗ ಅವನು ಕೇಳಿದ. “ಯಾಕೆ ಹೋಗ್ತೀನಿ ಅಂತೀರಿ?”

ಅವಳು ಬೂಟಿನೊಳಗಿನ ಮರಳು ಕೊಡವುತ್ತಿದ್ದಳು. ಕೊಡವುತ್ತಲೇ ಹೇಳಿದಳು. ಒಬ್ಬನಿದ್ದ. ಮದುವೆ ನೋಂದಣಿಗೆ ದಿನ ಗೊತ್ತಾಗಿತ್ತು. ಹಿಂದಿನ ಸಂಜೆ ಅಂಗಡಿ ಬಾಗಿಲಲ್ಲಿ ನಿಂತು, ನಗುನಗುತ್ತಾ “ಬರ್ತೀನಿ” ಎಂದು ಹೋದ. ಮರುದಿನ ಕಚೇರಿಯ ಬೆಂಚಿನ ಮೇಲೆ ಅವಳು ಕೂತಳು, ಅತ್ತೆ ಕೂತಳು, ಸಾಕ್ಷಿಗೆಂದು ಬಂದ ಪಕ್ಕದಂಗಡಿಯ ದರ್ಜಿ ಕೂತ. ಗುಮಾಸ್ತ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದು, ಇವರು ಕೂತ ಕಡೆಯ ಕಿಟಕಿಯನ್ನು ಮಾತ್ರ ಕೊನೆಗೆ ಬಿಟ್ಟಿದ್ದ.

“ಅವನು ಕೈಕೊಟ್ಟಿದ್ದು ಮರೆತೋಗಿದೆ. ನಿಜವಾಗ್ಲೂ. ಆ ಕಿಟಕಿ ಮಾತ್ರ ಮರೆತಿಲ್ಲ,” ಎಂದಳು. “ಅವತ್ತೇ ಅಂದ್ಕೊಂಡೆ, ಇನ್ಯಾರಿಗೂ ಕಾಯೋದಿಲ್ಲ. ಹೋಗೋದಾದ್ರೆ ಹೋಗ್ತೀನಿ ಅಂತ ಹೇಳಿ ಹೋಗ್ತೀನಿ. ಯಾರೂ ನಂಗೋಸ್ಕರ ಬೆಂಚಿನ ಮೇಲೆ ಕೂರಬಾರ್ದು.”

ಸಮಾಧಾನದ ಮಾತು ಬರುತ್ತದೆಂದು ಅವಳು ಮುಂಚೆಯೇ ಮುಖ ಗಂಟಿಕ್ಕಿಕೊಂಡಳು. ಬರಲಿಲ್ಲ.

“ದರ್ಜಿ ಒಳ್ಳೆಯೋರು,” ಎಂದ ಅವನು ಕೊನೆಗೆ.

ಅವಳು ಜೋರಾಗಿ ನಕ್ಕಳು. ಯಾರೂ ಈ ಕಥೆಯಲ್ಲಿ ದರ್ಜಿಯನ್ನು ಗಮನಿಸಿರಲಿಲ್ಲ. ಇಡೀ ದಿನ ಅಂಗಡಿ ಮುಚ್ಚಿ ಕೂತಿದ್ದ ಪಾಪದ ಮನುಷ್ಯ. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು, ಮರಳಿನ ಮೇಲೆ ತಪ್ಪು ಹೊರಿಸಿ ಒರೆಸಿಕೊಂಡಳು.

ಮಾರನೆಯ ದಿನ ದಾರಿ ಕವಲಾಗುವಲ್ಲಿ ಅವನಿಗೆ ಫೋನ್ ಬಂತು. ಬೆಟ್ಟದ ಮೇಲಿನ ಚರ್ಚಿನ ಆರ್ಗನ್ ಇದ್ದಕ್ಕಿದ್ದಂತೆ ಉಸಿರು ಬಿಟ್ಟು ಕೂತಿದೆ, ಅಲ್ಲೊಂದು ಮದುವೆಯಿದೆ, ಈಗಲೇ ಬನ್ನಿ ಎಂದರು. ಬೆಟ್ಟ ಅವಳ ದಾರಿಯಲ್ಲಿರಲಿಲ್ಲ, ಪಕ್ಕಕ್ಕೆ ಹೋಗುವುದಕ್ಕೆ ಅತ್ತೆಯ ಅಪ್ಪಣೆಯೂ ಇರಲಿಲ್ಲ.

ಇಬ್ಬರೂ ಕವಲಿನಲ್ಲಿ ನಿಂತರು. ಅವನು ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ.

“ಹೊಳೆ ದಾಟಿದ ತಕ್ಷಣ ಚರ್ಚು. ಪಕ್ಕದಲ್ಲೇ ಯಾತ್ರಿಕರ ಕೋಣೆ ಇದೆ. ಒಳ್ಳೆ ಕೋಣೆ,” ಎಂದ. ಇನ್ನೇನೋ ಹೇಳುವವನಂತೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. “ಸರಿ ಹಾಗಾದ್ರೆ. ಬರ್ತೀನಿ.”

“ಹೋಗ್ತೀನಿ,” ಎಂದಳು ಅವಳು.

ಅವನು ನಂಬರ್ ಕೇಳಲಿಲ್ಲ. ಇವಳೂ ಕೊಡಲಿಲ್ಲ. ಬೇಕಿದ್ದವನಿಗೆ ಬಾಯಿತ್ತು.

ಕೋಣೆ ನಿಜವಾಗಿಯೂ ಚೆನ್ನಾಗಿತ್ತು. ಕಡಲ ಕಡೆಗೊಂದು ಕಿಟಕಿ, ಗಟ್ಟಿ ಮಂಚ. ಬೆಳಿಗ್ಗೆ ಅವಳು ನಿಧಾನವಾಗಿ ಹಲ್ಲುಜ್ಜಿದಳು, ನಿಧಾನವಾಗಿ ಹಾಸಿಗೆ ಮಡಿಚಿದಳು, ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಯಾರಿಗೂ ಕಾಯುತ್ತಿರಲಿಲ್ಲ. ಕಾಲು ನೋಯುತ್ತಿತ್ತು. ಬಿಸಿಲೇರಿದ ಮೇಲೆ, ಕಾಲು ನೋವಿನ ಮೇಲೆಯೇ ಸಿಟ್ಟು ಬಂದು, ಬಿರಬಿರನೆ ಹೊರಟುಬಿಟ್ಟಳು.

ಅಲ್ಲಿಂದ ಕೊನೆಯ ಚರ್ಚಿನವರೆಗೂ ಅವಳು ನಡೆದದ್ದಲ್ಲ, ಓಡಿದ್ದು. ನಡುವೆ ಸಿಕ್ಕ ಚರ್ಚಿನಲ್ಲಿ ಆರ್ಗನ್ ಕಡೆಗೆ ಬೆನ್ನು ಹಾಕಿ ಮೇಣದಬತ್ತಿ ಹಚ್ಚಿದಳು, ಗೊಣಗುತ್ತಾ ಹಚ್ಚಿದಳು. ಕೊನೆಯ ಚರ್ಚು ಕಡಲಿಗೆ ಚಾಚಿದ ಬಂಡೆಯ ಮೇಲಿತ್ತು. ಬಾಗಿಲ ಎದುರಿಗೇ ಬಸ್ ನಿಲ್ದಾಣ, ನಿಲ್ದಾಣದಲ್ಲಿ ಒಂದು ಬೆಂಚು. ಬೆಂಚು ನೋಡಿದ ಕೂಡಲೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೂರದೆ ನಿಂತೇ ಇದ್ದಳು.

ಅತ್ತೆಯ ಫೋನ್ ಬಂತು. ದಿನಾ ಸಂಜೆಯ ಫೋನಿನಲ್ಲಿ ಆರ್ಗನ್ನಿನವನ ಸುದ್ದಿ ಅತ್ತೆಗೆ ಮುಟ್ಟಿತ್ತು.

“ಹಚ್ಚಿದ್ಯಾ?”

“ಇಲ್ಲ. ಈಗ ಬಂದೆ.”

“ಧ್ವನಿ ಯಾಕೆ ಹೀಗಿದೆ? ಆ ಆರ್ಗನ್ನಿನೋನು ಎಲ್ಲಿ?”

“ಬೆಟ್ಟಕ್ಕೆ ಹೋದ.”

“ಹೋಗುವಾಗ ಏನಂದ?”

“ಬರ್ತೀನಿ ಅಂದ.”

“ಮತ್ತಿನ್ನೇನು, ಬರ್ತಾನೆ.”

“ಅತ್ತೆ, ಎಲ್ಲರೂ ಹಾಗೆ ಅಂತಾರೆ. ಅವನು ನಾಯಿಗೂ ಹಾಗೇ ಅಂತಾನೆ.”

ಅತ್ತೆ ನಾಯಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ನಿಂಗೆ ಅವನು ಬರಬೇಕಾ?”

ಬಸ್ ಬಂತು. ಡ್ರೈವರ್ ಇಳಿದು ಮೈಮುರಿದು ಟೀ ಅಂಗಡಿ ಕಡೆಗೆ ಹೋದ. ಅವಳು ಬಸ್ಸನ್ನು ನೋಡಿದಳು, ಬೆಂಚನ್ನು ನೋಡಿದಳು. ಬಸ್ ಹತ್ತಿದರೆ ಕತೆ ಮುಗಿಯಿತು. ಬೆಂಚಿನಲ್ಲಿ ಕೂತರೆ ಮತ್ತೆ ಅದೇ ಕಿಟಕಿ. ಅವಳಿಗೆ ಅವನು ಬೇಕಾಗಿದ್ದ. ಎಷ್ಟು ಬೇಕಾಗಿದ್ದ ಎಂದು ತಿಳಿದು ಅವಳಿಗೇ ಭಯವಾಯಿತು. ಆದರೆ ಕಾಯುವುದು ಮಾತ್ರ ಅವಳ ಕೈಲಾಗುವ ಮಾತಾಗಿರಲಿಲ್ಲ.

“ಅತ್ತೆ, ಹಿಂದಕ್ಕೆ ನಡೆದ್ರೆ ಹರಕೆ ಕೆಡುತ್ತಾ?”

“ಹಿಂದಕ್ಕಾ?”

“ಬಂದ ದಾರೀಲೇ. ಪಕ್ಕಕ್ಕೆ ಅಲ್ಲ.”

“ಹರಕೆ ನಂದು, ಕಾಲು ನಿಂದು,” ಎಂದಳು ಅತ್ತೆ. “ಬತ್ತಿ ಆಮೇಲೆ ಹಚ್ಚಿದ್ರಾಯ್ತು, ಎದ್ದೋಗು.”

“ನಿಂತೇ ಇದ್ದೀನಿ.”

“ಮತ್ತೆ ನನ್ಹತ್ರ ಏನು ಮಾತು?”

ಅವಳು ನೀಲಿ ಬಾಣಗಳಿಗೆ ಎದುರಾಗಿ ನಡೆದಳು. ಎದುರಿಗೆ ಬಂದ ಒಂದಿಬ್ಬರು ಯಾತ್ರಿಕರು ಪಾಪ, ದಾರಿ ತಪ್ಪಿದ್ದಾಳೆಂದು “ಆ ಕಡೆ, ಆ ಕಡೆ” ಎಂದು ಕೈತೋರಿಸಿದರು. “ಗೊತ್ತು, ಗೊತ್ತು,” ಎಂದಳು. ಕಾಯುವುದಿಲ್ಲ ಎಂದವಳು ಹುಡುಕಿಕೊಂಡು ಹೋಗುವುದಿಲ್ಲ ಎಂದೇನೂ ಹೇಳಿರಲಿಲ್ಲ. ಇದು ವಕೀಲರ ವಾದದಂತಿದೆ ಎಂದು ಅವಳಿಗೂ ಅನಿಸಿತು. ಆದರೂ ಗೆಲ್ಲುವ ವಾದ.

ಮರಳ ದಿಬ್ಬದ ಆಚೆ ಅವನು ಕಂಡ. ಬಹು ದೂರದಲ್ಲಿದ್ದ. ಅವಳಿಗೆ ಅವನ ಹೆಗಲ ಚೀಲ ಕಂಡಿತು, ನಡೆದು ನಡೆದು ಕುಂಟುತ್ತಿದ್ದ ಹೆಜ್ಜೆ ಕಂಡಿತು, ಬಿಸಿಲಿಗೆ ಸೋತ ಮುಖವೂ ಕಂಡಿತು. ಕೈ ಬೀಸಿದಳು. ಅವನು ಬೀಸಲಿಲ್ಲ. ತಲೆಯೆತ್ತಿ ನೋಡಿದವನು ಮತ್ತೆ ತಲೆ ತಗ್ಗಿಸಿ ನಡೆದ. ಅವಳು ಕೈ ಇಳಿಸಿದಳು. ಆಮೇಲೆ ನೆನಪಾಯಿತು.

“ನಾನು ಕಣ್ರೀ!” ಎಂದು ಕಿರುಚಿದಳು.

ಅವನು ಕಣ್ಣು ಕಿರಿದು ಮಾಡಿದ. “ಯಾರು?”

“ಕನ್ನಡಕದವಳು!”

ಅವನು ಓಡಿ ಬಂದ. ಮರಳಿನಲ್ಲಿ ಹತ್ಯಾರದ ಚೀಲ ಹೊತ್ತು ಓಡುವುದು ನೋಡಲು ಚೆನ್ನಾಗಿರುವುದಿಲ್ಲ. ಆದರೆ ಅದಕ್ಕಿಂತ ಚೆಂದದ್ದನ್ನು ಅವಳು ಈವರೆಗೆ ನೋಡಿರಲಿಲ್ಲ.

“ಕೋಣೇಲಿ ಯಾಕೆ ಇರ್ಲಿಲ್ಲ ನೀವು?” ಏದುಸಿರಿನಲ್ಲಿ ಕೇಳಿದ. “ಬಂದು ನೋಡ್ತೀನಿ, ಹಾಸಿಗೆ ಮಡಿಚಿಟ್ಟಿದೆ. ಅಲ್ಲಿಂದ ಹಿಂದೇ ಬರ್ತಿದ್ದೀನಿ. ಎಷ್ಟು ಜೋರಾಗಿ ನಡೀತೀರಿ!”

“ಇರಿ ಅಂತ ನೀವು ಹೇಳ್ಲಿಲ್ಲ.”

“ಹೇಳಿದ್ನಲ್ಲ. ಒಳ್ಳೆ ಕೋಣೆ ಇದೆ, ಬರ್ತೀನಿ ಅಂತ.”

“ಅದು ಇರಿ ಅಂತನಾ? ನಾನು ಹೊರಡೋ ಮಾತು ಅಂದ್ಕೊಂಡೆ. ನೀವು ನಾಯಿಗೂ ಬರ್ತೀನಿ ಅಂತೀರಿ.”

“ನಾಯಿ ಹತ್ರಾನೂ ಬರ್ತೀನಲ್ಲ!” ಎಂದ ಅವನು, ನಿಜಕ್ಕೂ ಅರ್ಥವಾಗದೆ. “ಉಪ್ಪುಗಾಳಿಗೆ ಆರ್ಗನ್ ಮತ್ತೆ ಮತ್ತೆ ಕೆಡುತ್ತೆ. ಮತ್ತೆ ಮತ್ತೆ ಬರಬೇಕು. ಬರೋದೇ ನನ್ನ ಕೆಲಸ. ಸುಮ್ನೆ ಯಾಕೆ ಹಾಗೆ ಅಂತಾರೆ ಯಾರಾದ್ರೂ?”

ಅವಳು ಅವನನ್ನು ನೋಡಿದಳು. ಊರಿಗೆ ಊರೇ ಮಾತಿಗೆ ಆಡುವ ಒಂದು ಮಾತನ್ನು, ಈ ಒಬ್ಬ ಮನುಷ್ಯ ಇಷ್ಟು ವರ್ಷ ಅಕ್ಷರಶಃ ಆಡಿಕೊಂಡು ಬಂದಿದ್ದ.

“ಬರ್ತೀನಿ ಅನ್ನೋದ್ರಲ್ಲಿ ಎರಡಿದೆ,” ಎಂದು ನಿಧಾನವಾಗಿ, ಗಿರಾಕಿಗೆ ತಿಳಿಹೇಳುವಂತೆ ಹೇಳಿದಳು. “ಮೊದಲನೇದು ಹೋಗೋದಕ್ಕೆ. ಎರಡನೇದು ಬರೋದಕ್ಕೆ.”

“ನನ್ಹತ್ರ ಎರಡನೇದು ಮಾತ್ರ ಇದೆ,” ಎಂದ. ಆಮೇಲೆ ಮರಳನ್ನು ನೋಡುತ್ತಾ, “ನಾಯಿಗಿಂತ ಜಾಸ್ತಿ ನಿಮ್ಮ ಹತ್ರ ಬರಬೇಕು ಅಂತ ಆಸೆ ಇದೆ. ವರ್ಷಕ್ಕೊಂದ್ಸಲ ಅಲ್ಲ. ದಿನಾ. ನಿಮಗೆ ಒಪ್ಪಿಗೆ ಇದ್ರೆ,” ಎಂದ.

ಪ್ರೇಮನಿವೇದನೆಯಲ್ಲಿ ನಾಯಿಯನ್ನು ಎಳೆದು ತಂದವನಿಗೆ ಏನು ಹೇಳುವುದು? ಅವಳು ಅವನ ತಲೆಯಲ್ಲಿ ಉಳಿದಿದ್ದ ಜೇಡರಬಲೆಯ ಎಳೆಯೊಂದನ್ನು ತೆಗೆದಳು. ತೆಗೆಯಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. “ಹಿಂದಕ್ಕೆ ನಡ್ಕೊಂಡು ಬಂದಿದ್ದೀನಲ್ಲ,” ಎಂದಳು. “ಕಾಣಿಸ್ಲಿಲ್ವಾ?”

“ಹತ್ತಿರ ಬಂದ್ಮೇಲೆ ಕಾಣಿಸ್ತು.”

ಕೊನೆಯ ಚರ್ಚಿನಲ್ಲಿ ಅವಳು ಅತ್ತೆಯ ಹೆಸರು ಹೇಳಿ ಮೇಣದಬತ್ತಿ ಹಚ್ಚಿದಳು. ಸ್ವಲ್ಪ ಯೋಚಿಸಿ ದರ್ಜಿಯ ಹೆಸರಲ್ಲೂ ಒಂದು ಹಚ್ಚಿದಳು. ಅಲ್ಲಿಯ ಆರ್ಗನ್ ತೀರಾ ಕೆಟ್ಟಿತ್ತು. ಬಹಳ ದಿನದ ಕೆಲಸ ಅದು, ಅವನು ಇರಲೇಬೇಕು. ಅಂಗಡಿಯ ಬಾಗಿಲು ತೆಗೆಯಬೇಕು, ಅವಳು ಹೊರಡಲೇಬೇಕು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ನಿಲ್ದಾಣದ ಬೆಂಚಿನ ಮೇಲೆ ಕೂತರು. ಕೂತು ಎಷ್ಟೋ ಹೊತ್ತಾದ ಮೇಲೆ ಅವಳಿಗೆ ತಾನು ಬೆಂಚಿನ ಮೇಲಿರುವುದು ಗಮನಕ್ಕೆ ಬಂತು.

ಅವಳು ಗಾಜು ತೆಗೆದು ಮತ್ತೊಮ್ಮೆ ಅವನ ಕಣ್ಣು ನೋಡಿದಳು. ಈ ಸಲ ಸರಿಯಾಗಿ, ಬಾಣ ತೋರಿಸಿ.

“ಕನ್ನಡಕ ಆದ್ಮೇಲೆ ಪೋಸ್ಟಲ್ಲಿ ಕಳಿಸ್ತೀರಾ?” ಅವನು ಮುಗ್ಧನಂತೆ ಕೇಳಿದ.

“ಕನ್ನಡಕ ಪೋಸ್ಟಲ್ಲಿ ಕಳಿಸೋ ವಸ್ತು ಅಲ್ಲ. ಮುಖಕ್ಕಿಟ್ಟು ನೋಡ್ಬೇಕು. ಕಿವಿ ಹಿಂದೆ ಸರಿಯಾಗಿ ಕೂರಿಸ್ಬೇಕು.”

“ತುಂಬ ಹೊತ್ತಿನ ಕೆಲಸಾನಾ?”

“ಅದು ಕಿವಿ ಮೇಲೆ ನಿಂತಿರುತ್ತೆ.”

ಬಸ್ ಬಂತು. ಅವಳು ಚೀಲ ಎತ್ತಿಕೊಂಡು ಮೆಟ್ಟಿಲೇರಿ, ಕಂಬಿ ಹಿಡಿದು ತಿರುಗಿದಳು. ಡ್ರೈವರ್ ಹಾರ್ನ್ ಒತ್ತಿದ. ಅವಳ ಬಾಯಿ ಹಳೆಯ ಅಭ್ಯಾಸದಂತೆ ಒಂದು ಮಾತಿಗೆ ತೆರೆದುಕೊಂಡಿತು, ಅದನ್ನು ಅಲ್ಲೇ ಬಿಟ್ಟಿತು. ಹೊರಬಂದದ್ದು ಇನ್ನೊಂದು, ಎಷ್ಟೋ ಕಾಲದಿಂದ ಆಡದ ಮಾತು.

“ಬರ್ತೀನಿ,” ಎಂದಳು.

ಅವನು ಕಣ್ಣು ಕಿರಿದು ಮಾಡಲಿಲ್ಲ. ಅಷ್ಟು ಹತ್ತಿರವಿದ್ದ.

“ಮೊದಲನೇದಾ, ಎರಡನೇದಾ?”

“ಎರಡನೇದು.”

ಬಸ್ ಹೊರಟಿತು. ಅವನು ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ, “ಬಾ” ಎಂದ. ಇಷ್ಟು ದಿನ ‘ಬನ್ನಿ’ ಎನ್ನುತ್ತಿದ್ದವನು.